ಎನ್‌ಎಫ್‌ಎಲ್‌ನ ಎಳೆಯ ಕ್ವಾರ್ಟರ್‌ಬ್ಯಾಕ್‌ಗಳು ಪಳಗುವ ಮೊದಲೇ ಬಾಡುವುದೇಕೆ?

ತುಂಗಾತೀರ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ತಂಡಗಳು ಪ್ರತಿ ವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2021ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಆಟ ನಡೆಸಿ ಚೆಂಡು ಎಸೆಯುವವರು, ಆಯ್ಕೆಯಾದರು. ಟ್ರೆವರ್ ಲಾರೆನ್ಸ್, ಜ್ಯಾಕ್ ವಿಲ್ಸನ್, ಟ್ರೇ ಲ್ಯಾನ್ಸ್ ಮೊದಲ ಮೂರು ಸ್ಥಾನಗಳಲ್ಲಿ, ಜಸ್ಟಿನ್ ಫೀಲ್ಡ್ಸ್ 11ನೆಯ ಮತ್ತು ಮ್ಯಾಕ್ ಜೋನ್ಸ್ 15ನೆಯ ಸ್ಥಾನದಲ್ಲಿ. ಮೂರು ಋತು ಕಳೆದು 2024ರ ಬೇಸಿಗೆ ಬರುವಷ್ಟರಲ್ಲಿ ಲಾರೆನ್ಸ್ ಒಬ್ಬರನ್ನು ಬಿಟ್ಟು ಉಳಿದ ನಾಲ್ವರನ್ನೂ ಅವರನ್ನು ಆರಿಸಿದ ತಂಡಗಳು ಬೇರೆಡೆಗೆ ಸಾಗಹಾಕಿದ್ದವು. ಲ್ಯಾನ್ಸ್‌ಗಾಗಿ ಸ್ಯಾನ್ ಫ್ರಾನ್ಸಿಸ್ಕೊ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಮಯಾಮಿಗೆ ಒಪ್ಪಿಸಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ಪ್ರತಿಯೊಂದು ಪ್ರಕರಣ ಮುಗಿದಾಗಲೂ ನಮ್ಮ ಕನ್ನಡ ಕೂಟಗಳ ಹರಟೆಯಲ್ಲಿ ಕೇಳಿಬರುವ ಮಾತು ಒಂದೇ: ಹುಡುಗನಲ್ಲಿ ಸತ್ವವಿರಲಿಲ್ಲ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಸ್ಯಾಮ್ ಡಾರ್ನಾಲ್ಡ್ ಅವರನ್ನು ನೋಡಿ. 2018ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವರನ್ನು ಮೂರನೆಯ ಸ್ಥಾನದಲ್ಲಿ ಆರಿಸಿದಾಗ ಅವರಿಗೆ ವಯಸ್ಸು ಇನ್ನೂ 20. ಮೊದಲ ವರ್ಷ ಟಾಡ್ ಬೋಲ್ಸ್ ಮುಖ್ಯ ಕೋಚ್. ಎರಡನೆಯ ವರ್ಷ ಆ್ಯಡಮ್ ಗೇಸ್, ಹೊಸ ಪ್ಲೇಬುಕ್ (ತಂಡದ ಆಟದ ಯೋಜನೆಗಳ ಕಟ್ಟು), ಹೊಸ ಪರಿಭಾಷೆ. ಆ ವರ್ಷದ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಎದುರು ಜೆಟ್ಸ್ 33–0 ಅಂತರದಲ್ಲಿ ಸೋತ ರಾತ್ರಿ ಅವರು ನಾಲ್ಕು ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ) ಕೊಟ್ಟರು. ಅಂಚಿನಲ್ಲಿ ಕುಳಿತು ಅವರು ಆಡಿದ ಮಾತನ್ನು ಮೈಕ್ ಹಿಡಿದು ದೇಶಕ್ಕೆಲ್ಲ ಕೇಳಿಸಿತು: ನನಗೆ ದೆವ್ವಗಳು ಕಾಣುತ್ತಿವೆ. ಜನ ನಕ್ಕರು. ಬಾರದ ದಾಳಿಯೂ ಬರುತ್ತಿದೆ ಎಂದು ಕಣ್ಣು ಹೇಳುವ ಸ್ಥಿತಿಯನ್ನು ಒಬ್ಬ ಆಟಗಾರ ಇದಕ್ಕಿಂತ ಪ್ರಾಮಾಣಿಕವಾಗಿ ಹೇಳಲು ಸಾಧ್ಯವೇ?

2021ರಲ್ಲಿ ಅವರನ್ನು ಕೆರೊಲಿನಾಕ್ಕೆ ಕಳುಹಿಸಿದರು. ಅಲ್ಲೂ ನೆಲೆ ಸಿಗಲಿಲ್ಲ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೈಲ್ ಶಾನಹನ್ ಅವರ ಕೈಕೆಳಗೆ ಬ್ರಾಕ್ ಪರ್ಡಿ ಅವರ ಹಿಂದೆ ಒಂದು ವರ್ಷ ಕುಳಿತರು. 2024ರಲ್ಲಿ ಮಿನ್ನೆಸೋಟದಲ್ಲಿ ಕೆವಿನ್ ಒಕಾನಲ್ ಅವರ ಬಳಿ 35 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದು ತಂಡಕ್ಕೆ 14 ಗೆಲುವು ತಂದರು. ಜೆಟ್ಸ್‌ನಲ್ಲಿದ್ದಾಗಲೂ ಇದೇ ತೋಳು ಅವರಿಗಿತ್ತು.

ನನ್ನ ವಾದ ಇಷ್ಟೇ. ಈ ಹುಡುಗರಿಗೆ ಕಲಿಯುವ ಶಕ್ತಿ ಇದೆ. ಕಲಿಯುವ ಸಮಯವನ್ನು ಲೀಗ್ ಕಡಿದುಹಾಕಿದೆ, ಉಳಿದ ಅಲ್ಪ ಸಮಯದಲ್ಲೂ ಪಾಠ ಹೇಳುವವರನ್ನು ಪದೇ ಪದೇ ಬದಲಿಸುತ್ತದೆ. ಒಪ್ಪದವರು ದಯವಿಟ್ಟು ಬರೆಯಿರಿ.

ಹೊಸ ಪ್ರೇಕ್ಷಕಿ

ನಾನು ಈ ಆಟವನ್ನು ನೋಡಲು ಶುರು ಮಾಡಿದ್ದೇ ಮಗಳು ಶಾಲೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಸೇರಿದ ಮೇಲೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದೂ ಇರುತ್ತದೆ ಎಂದು ಅವಳಿಗೆ ಎಲ್ಲಿಲ್ಲದ ಉತ್ಸಾಹ. ಹಾಗಾಗಿ ಒಂದು ಮೂಲಭೂತ ಪ್ರಶ್ನೆ ಕೇಳುತ್ತೇನೆ. ಇವರೆಲ್ಲ ಹೈಸ್ಕೂಲಿನಲ್ಲೂ ಕಾಲೇಜಿನಲ್ಲೂ ಇದೇ ಸ್ಥಾನದಲ್ಲಿ ಆಡಿ, ದೇಶದ ಅತ್ಯುತ್ತಮರು ಎನಿಸಿಕೊಂಡು ಬಂದವರು. ಅಂಥವರಿಗೆ ಕಲಿಯಲು ಇನ್ನೇನು ಉಳಿದಿರುತ್ತದೆ? ವೇಗ ಹೆಚ್ಚು, ಎದುರಾಳಿಗಳು ಬಲಿಷ್ಠರು ಎನ್ನುವುದು ಗೊತ್ತಾಯಿತು. ಅದಕ್ಕೆ ಮೂರು ವರ್ಷ ಬೇಕೇ?

ಹಳೆಯ ಪ್ಲೇಬುಕ್

ಮೇಡಂ, ತುಂಬ ಒಳ್ಳೆಯ ಪ್ರಶ್ನೆ. ಒಂದೇ ಒಂದು ಪ್ಲೇಯನ್ನು, ಅಂದರೆ ಚೆಂಡು ಹೊರಟು ನಿಲ್ಲುವವರೆಗಿನ ಆಟದ ತುಣುಕನ್ನು, ಬಿಡಿಸಿ ತೋರಿಸುತ್ತೇನೆ, ಆಗ ಸ್ಪಷ್ಟವಾಗುತ್ತದೆ.

ಹಿಂದಿನ ಪ್ಲೇ ಮುಗಿದ ಕೂಡಲೇ 40 ಸೆಕೆಂಡುಗಳ ಗಡಿಯಾರ ಓಡಲು ಶುರುವಾಗುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಕೋಚ್‌ನ ಧ್ವನಿ ಬರುತ್ತದೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಧ್ವನಿ ತಾನಾಗಿ ಕಡಿದುಹೋಗುತ್ತದೆ, ಅದು ನಿಯಮ. ಅಷ್ಟರೊಳಗೆ ಆತ ಕೇಳಿಸಿಕೊಂಡ ಉದ್ದನೆಯ ಸಾಲನ್ನು ಒಂದಕ್ಷರ ತಪ್ಪದೆ ಹತ್ತು ಮಂದಿಗೆ ಒಪ್ಪಿಸಬೇಕು. ಆ ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಸ್ನ್ಯಾಪ್‌ಗೆ (ಚೆಂಡು ಕದಲುವ ಕ್ಷಣಕ್ಕೆ) ಮೊದಲೇ ಜಾಗ ಬದಲಿಸಬೇಕು, ಲೈನಿನವರು (ಮುಂದೆ ನಿಂತು ಕ್ವಾರ್ಟರ್‌ಬ್ಯಾಕನ್ನು ಕಾಯುವ ಐವರು) ಯಾರನ್ನು ತಡೆಯಬೇಕು, ಯಾವ ರಿಸೀವರ್ (ಎಸೆತ ಹಿಡಿಯುವವನು) ಯಾವ ದಾರಿ ಹಿಡಿಯಬೇಕು, ಚೆಂಡು ಯಾವ ಎಣಿಕೆಗೆ ಹೊರಡಬೇಕು ಎಲ್ಲವೂ ಅಡಕವಾಗಿರುತ್ತದೆ. ಎಷ್ಟೋ ಸಲ ಒಂದೇ ಸಾಲಿನಲ್ಲಿ ಎರಡು ಪ್ಲೇಗಳಿರುತ್ತವೆ. ಡಿಫೆನ್ಸ್ (ತಡೆಯಲು ನಿಂತ ಎದುರಾಳಿಗಳು) ನಿಂತಿರುವ ಬಗೆ ನೋಡಿ ಮೊದಲನೆಯದನ್ನು ಕೈಬಿಟ್ಟು ಎರಡನೆಯದನ್ನು ಕೂಗಿ ಹೇಳುವುದು ಅವನ ಹೊಣೆ.

ಲೈನಿನ ಮುಂದೆ ಬಂದು ನಿಂತ ಮೇಲೆ ಬೆರಳು ತೋರಿಸಿ ಒಬ್ಬನನ್ನು 'ಮೈಕ್' ಎಂದು ಗುರುತಿಸುವುದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಸಾಮಾನ್ಯವಾಗಿ ಅದು ನಡುವಿನ ಲೈನ್‌ಬ್ಯಾಕರ್, ಡಿಫೆನ್ಸ್‌ನ ಎರಡನೆಯ ಸಾಲಿನವನು. ಆ ಒಂದು ಗುರುತಿನ ಮೇಲೆ ಐವರು ಲೈನಿನವರು ತಮ್ಮ ತಮ್ಮ ಎದುರಾಳಿಯನ್ನು ಹಂಚಿಕೊಳ್ಳುತ್ತಾರೆ. ಗುರುತು ತಪ್ಪಿದರೆ ಒಬ್ಬ ದಾಳಿಗಾರ ಯಾರ ತಡೆಯೂ ಇಲ್ಲದೆ ನುಗ್ಗುತ್ತಾನೆ. ಗುರುತು ಸರಿಯಿದ್ದು, ತಡೆಯುವವರಿಗಿಂತ ಹೆಚ್ಚು ಮಂದಿ ನುಗ್ಗಿದರೆ, ಆ ಹೆಚ್ಚುವರಿ ಮನುಷ್ಯ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕಕ್ಕೆ ಬರುತ್ತಾನೆ. ಅವನು ತಲುಪುವ ಮೊದಲೇ ಚೆಂಡು ಕೈಬಿಟ್ಟಿರಬೇಕು.

ಇನ್ನು ಹಿಂದೆ ನಿಂತ ಇಬ್ಬರು ಸೇಫ್ಟಿಗಳು. ಸ್ನ್ಯಾಪ್‌ಗೆ ಮೊದಲು ಇಬ್ಬರೂ ದೂರದಲ್ಲಿ ಶಾಂತವಾಗಿ ನಿಂತಿರುತ್ತಾರೆ. ಚೆಂಡು ಕದಲಿದ ಕ್ಷಣದಲ್ಲಿ ಒಬ್ಬ ಮುಂದೆ ಓಡಿಬರುತ್ತಾನೆ, ಇನ್ನೊಬ್ಬ ನಡುವಿಗೆ ಜಾರುತ್ತಾನೆ. ಅಲ್ಲಿಗೆ ಕ್ವಾರ್ಟರ್‌ಬ್ಯಾಕ್ ಓದಿಕೊಂಡದ್ದೆಲ್ಲ ಸುಳ್ಳಾಯಿತು. ಅವನು ಹಿಂದಕ್ಕೆ ಐದು ಹೆಜ್ಜೆ ಹಾಕುತ್ತಲೇ ಹೊಸದಾಗಿ ಓದಬೇಕು. ಐದನೆಯ ಹೆಜ್ಜೆ ಊರಿದಾಗ ಮೊದಲ ರಿಸೀವರ್ ತಿರುಗುತ್ತಿರಬೇಕು. ಅಲ್ಲಿ ದಾರಿ ಮುಚ್ಚಿದ್ದರೆ ಒಂದು ಸಣ್ಣ ಜಿಗಿತ, ಎರಡನೆಯವನ ಕಡೆ ಕಣ್ಣು. ಮತ್ತೊಂದು ಜಿಗಿತ, ಮೂರನೆಯವನು. ಕಾಲಿನ ಲಯ ಮತ್ತು ಕಣ್ಣಿನ ಸರದಿ ಒಂದಕ್ಕೊಂದು ಹೆಣೆದುಕೊಂಡಿವೆ. ಇದೆಲ್ಲ ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು.

ಈಗ ಕಾಲೇಜಿಗೆ ಬನ್ನಿ. ಬಹಳಷ್ಟು ತಂಡಗಳಲ್ಲಿ ಹಡಲ್ (ಪ್ಲೇಗೆ ಮೊದಲು ಗುಂಪುಗೂಡಿ ಮಾತಾಡಿಕೊಳ್ಳುವುದು) ಎಂಬುದೇ ಇಲ್ಲ. ಆಟಗಾರರೆಲ್ಲ ಲೈನಿನ ಮೇಲೆ ನಿಂತು ಅಂಚಿನ ಕಡೆ ತಿರುಗಿ ನೋಡುತ್ತಾರೆ. ಅಲ್ಲಿ ಚಿತ್ರಗಳಿರುವ ದೊಡ್ಡ ಫಲಕ ಎತ್ತಿ ಹಿಡಿಯುತ್ತಾರೆ ಅಥವಾ ಕೈಸನ್ನೆ ಮಾಡುತ್ತಾರೆ. ಡಿಫೆನ್ಸನ್ನು ಓದುವ ಕೆಲಸ ಕೋಚ್‌ನದು. ಕ್ವಾರ್ಟರ್‌ಬ್ಯಾಕ್ ಒಬ್ಬನೇ ಒಬ್ಬ ಎದುರಾಳಿಯ ಚಲನೆ ನೋಡಿ ಚೆಂಡನ್ನು ಓಟಗಾರನಿಗೆ ಕೊಡುವುದೋ ಎಸೆಯುವುದೋ ನಿರ್ಧರಿಸಿದರೆ ಸಾಕು. ಆ ಬಗೆಯ ಪ್ಲೇಯಲ್ಲಿ ಕಾಲೇಜಿನ ಲೈನಿನವರು ಮೂರು ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಪ್ರತಿ ಪ್ಲೇಗೆ ಚೆಂಡನ್ನು ಅಂಗಳದ ಮೇಲಿನ ಎರಡು ಹ್ಯಾಶ್ ಗೆರೆಗಳ ಒಳಗೇ ಇಡುತ್ತಾರೆ; ಅವುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ವೃತ್ತಿಪರ ಆಟದಲ್ಲಿ 18 ಅಡಿ 6 ಅಂಗುಲ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಬದಿಗೆ ಸರಿದಾಗ ಇನ್ನೊಂದು ಬದಿಯಲ್ಲಿ ವಿಶಾಲ ಬಯಲು ತೆರೆದುಕೊಳ್ಳುತ್ತದೆ. ಇಲ್ಲಿ ಅಂಥ ಬಯಲು ಸಿಗುವುದಿಲ್ಲ. ಹೆಲ್ಮೆಟ್ ರೇಡಿಯೊ ಕಾಲೇಜಿಗೆ ಅಧಿಕೃತವಾಗಿ ಬಂದದ್ದೇ 2024ರಲ್ಲಿ. ಎನ್‌ಎಫ್‌ಎಲ್‌ನಲ್ಲಿ ಅದು 1994ರಿಂದಲೂ ಇದೆ.

ಈ ಹುಡುಗರು ದಡ್ಡರು ಎಂದು ಯಾರೂ ತಿಳಿಯಬೇಡಿ. ಅವರಿಗೆ ಈ ಪಾಠವನ್ನು ಯಾರೂ ಹೇಳಿಕೊಟ್ಟೇ ಇರುವುದಿಲ್ಲ.

ಹೊಸ ಪ್ರೇಕ್ಷಕಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ ಸರ್. ಹಾಗಾದರೆ ನಡುವೆ ಒಂದು ಮೆಟ್ಟಿಲು ಬೇಕಲ್ಲವೇ? ನಮ್ಮ ಕ್ರಿಕೆಟ್‌ನಲ್ಲಿ ಹುಡುಗನೊಬ್ಬ ಕರ್ನಾಟಕಕ್ಕೆ ರಣಜಿ ಆಡಿ, ಭಾರತ 'ಎ' ತಂಡದಲ್ಲಿ ಪಳಗಿ, ಆಮೇಲೆ ಟೆಸ್ಟ್‌ಗೆ ಹೋಗುತ್ತಾನೆ. ಇಲ್ಲಿ ಅಂಥದ್ದೇನೂ ಇಲ್ಲವೇ?

ಅಂಕಿಪ್ರಿಯ

ಇತ್ತು. ಎನ್‌ಎಫ್‌ಎಲ್ ಯುರೋಪ್ ಎಂಬ ಲೀಗ್. 2007ರಲ್ಲಿ ಅದನ್ನು ಮುಚ್ಚಿದರು. ಕರ್ಟ್ ವಾರ್ನರ್ 1998ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಿ ಬಂದು 1999ರ ಋತುವಿನಲ್ಲಿ ಸೇಂಟ್ ಲೂಯಿಸ್ ರಾಮ್ಸ್ ಪರ ಸೂಪರ್ ಬೌಲ್ (ಲೀಗ್‌ನ ಅಂತಿಮ ಪಂದ್ಯ) ಗೆದ್ದರು. ಈಗ ವಸಂತದಲ್ಲಿ ಸಣ್ಣ ಲೀಗ್‌ಗಳು ನಡೆಯುತ್ತವೆ, ಆದರೆ ಮೊದಲ ಸುತ್ತಿನಲ್ಲಿ ಆರಿಸಿದ ಹುಡುಗನನ್ನು ಅಲ್ಲಿಗೆ ಪಳಗಿಸಲು ಕಳುಹಿಸುವ ತಂಡವಿಲ್ಲ.

ತುಂಗಾತೀರ ಅವರು ಸಮಯ ಕಡಿದುಹಾಕಿದ್ದಾರೆ ಎಂದದ್ದಕ್ಕೆ ನಾನು ಅಂಕಿ ಕೊಡುತ್ತೇನೆ. 2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಆದ ಒಪ್ಪಂದ ಈ ಕಥೆಯ ತಿರುವು. ಅದಕ್ಕೆ ಮೊದಲಿನ ವರ್ಷ, 2010ರಲ್ಲಿ, ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ಗಳ ಕರಾರು ಸಿಕ್ಕಿತ್ತು, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಕ್ವಾರ್ಟರ್‌ಬ್ಯಾಕ್ ಅಗ್ಗವಾದರೆ ತಂಡ ತಾಳ್ಮೆಯಿಂದ ಕಾಯಬಹುದು ಎಂದು ಆಗ ಅನೇಕರು ಎಣಿಸಿದ್ದರು. ನಡೆದದ್ದು ತದ್ವಿರುದ್ಧ. ಸಂಬಳದ ಮಿತಿಯಿರುವ ಲೀಗ್‌ನಲ್ಲಿ ಅಗ್ಗದ ಕ್ವಾರ್ಟರ್‌ಬ್ಯಾಕ್ ಇರುವ ನಾಲ್ಕು ವರ್ಷಗಳೇ ಉಳಿದ ಸ್ಥಾನಗಳಿಗೆ ಹಣ ಸುರಿಯುವ ಸುವರ್ಣಾವಕಾಶ. ಅವನನ್ನು ಎರಡು ವರ್ಷ ಕೂರಿಸಿದರೆ ಅರ್ಧ ಅವಕಾಶ ಮಣ್ಣುಪಾಲು. ಐದನೆಯ ವರ್ಷಕ್ಕೆ ಅವನನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ಮೂರನೆಯ ಋತು ಮುಗಿದ ವಸಂತದಲ್ಲೇ ತಿಳಿಸಬೇಕು. ಕಲಿಯುತ್ತಿರುವಾಗಲೇ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿಬಿಡುತ್ತದೆ.

ಅದೇ ಒಪ್ಪಂದ ಅಭ್ಯಾಸವನ್ನೂ ಮೊಟಕುಗೊಳಿಸಿತು. ಋತುವಿನ ನಡುವೆ ಪೂರ್ಣ ರಕ್ಷಾಕವಚ ತೊಟ್ಟು ಮಾಡುವ ಅಭ್ಯಾಸ 14 ದಿನಗಳಿಗೆ ಸೀಮಿತವಾಯಿತು. ಬೇಸಿಗೆ ಶಿಬಿರದಲ್ಲಿ ದಿನಕ್ಕೆ ಎರಡು ಸಲ ಅಂಥ ಅಭ್ಯಾಸ ನಡೆಸುವುದು ನಿಂತಿತು. ಋತುವಿಲ್ಲದ ತಿಂಗಳುಗಳ ಕಾರ್ಯಕ್ರಮ ಒಂಬತ್ತು ವಾರಗಳಿಗೆ ಇಳಿಯಿತು. 2021ರಿಂದ ನಿಜವಾದ ಪಂದ್ಯಗಳು 17 ಆದವು, ಪೂರ್ವಭಾವಿ ಪಂದ್ಯಗಳು ನಾಲ್ಕರಿಂದ ಮೂರಕ್ಕೆ ಬಂದವು. ಮಿದುಳಿಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡಲು ಈ ಮಿತಿಗಳು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಎಳೆಯ ಕ್ವಾರ್ಟರ್‌ಬ್ಯಾಕ್‌ಗಳು ಮತ್ತು ಎಳೆಯ ಲೈನಿನವರು. ಇವರಿಬ್ಬರ ಕೆಲಸವೂ ನೂರಾರು ಸಲ ಮಾಡಿದಾಗ ಮಾತ್ರ ಕೈಗೆ ಹತ್ತುವಂಥದ್ದು.

ಹಾಸನದಿಂದ ಹ್ಯೂಸ್ಟನ್

ಪ್ಲೇಬುಕ್, ಒಪ್ಪಂದ ಎಲ್ಲ ಸರಿ. ಮುಂದೆ ನಿಂತ ಐವರ ಬಗ್ಗೆ ಮಾತಾಡಿ.

ನಮ್ಮ ಹ್ಯೂಸ್ಟನ್ ತಂಡ 2002ರಲ್ಲಿ ಹುಟ್ಟಿತು. ಮೊದಲ ಆಯ್ಕೆ ಡೇವಿಡ್ ಕಾರ್. ಆ ವರ್ಷ ಅವರನ್ನು 76 ಸಲ ನೆಲಕ್ಕೆ ಕೆಡವಿದರು. ಒಂದು ಋತುವಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಅನುಭವಿಸಿದ ಅತಿ ಹೆಚ್ಚು ಸ್ಯಾಕ್ ಅದು. ಐದು ವರ್ಷ ಇಲ್ಲಿ ಆಡಿದರೂ ಅವರಿಂದ ನಿರೀಕ್ಷಿಸಿದ್ದು ಬರಲಿಲ್ಲ. ಹೊಡೆತ ತಿಂದು ತಿಂದು ಆಟಗಾರನ ಕಣ್ಣು ದೂರದ ರಿಸೀವರ್‌ನಿಂದ ಕೆಳಗಿಳಿದು ಎದುರು ಬರುವ ದಾಳಿಗಾರನ ಮೇಲೆ ನೆಟ್ಟುಬಿಡುತ್ತದೆ. ಆ ಅಭ್ಯಾಸ ಒಮ್ಮೆ ಅಂಟಿತೆಂದರೆ ಬಿಡಿಸುವುದು ಬಹಳ ಕಷ್ಟ. ಡಾರ್ನಾಲ್ಡ್ ಹೇಳಿದ ದೆವ್ವ ಅದೇ.

ಸಿ. ಜೆ. ಸ್ಟ್ರೌಡ್ ಅವರ ಕಥೆ ಇನ್ನೂ ಹಸಿಯಾಗಿದೆ. 2023ರಲ್ಲಿ ಮೊದಲ ವರ್ಷದಲ್ಲೇ 4,108 ಗಜ, 23 ಟಚ್‌ಡೌನ್, ಕೇವಲ 5 ಇಂಟರ್‌ಸೆಪ್ಷನ್. ಊರಿಗೆ ಊರೇ ಹಬ್ಬ ಮಾಡಿತು. ಮರುವರ್ಷ ಲೈನ್ ಕುಸಿಯಿತು, 52 ಸ್ಯಾಕ್, ಮೊದಲ ವರ್ಷದ ನಿರಾಳತೆ ಮಾಯ. ಋತು ಮುಗಿದ ಮೇಲೆ ಆಫೆನ್ಸಿವ್ ಕೋಆರ್ಡಿನೇಟರ್ (ಚೆಂಡು ನಮ್ಮ ಕೈಯಲ್ಲಿದ್ದಾಗಿನ ಆಟದ ಕೋಚ್) ಬಾಬಿ ಸ್ಲೊವಿಕ್ ಅವರನ್ನು ತೆಗೆದುಹಾಕಿದರು, ಲೆಫ್ಟ್ ಟ್ಯಾಕಲ್ (ಲೈನಿನ ಎಡ ತುದಿಯವರು) ಲಾರೆಮಿ ಟನ್ಸಿಲ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟರು. ಮೊದಲ ವರ್ಷದಲ್ಲಿ ಎಲ್ಲ ಕಲಿತವನಂತೆ ಆಡಿದ ಹುಡುಗ ಎರಡನೆಯ ವರ್ಷ ಎಲ್ಲ ಮರೆತನೇ? ಅವನ ಮುಂದಿನ ಗೋಡೆ ಬಿದ್ದಿತ್ತು, ಅಷ್ಟೇ.

ಮಿಷಿಗನ್ ಸರೋವರ

ಹಾಸನದವರೇ, ಅರ್ಧ ಒಪ್ಪುತ್ತೇನೆ. ಸ್ಯಾಕ್‌ಗಳೆಲ್ಲ ಲೈನಿನ ತಪ್ಪಲ್ಲ. ಶಿಕಾಗೊದಲ್ಲಿ ಕೇಲೆಬ್ ವಿಲಿಯಮ್ಸ್ 2024ರಲ್ಲಿ 68 ಸಲ ಬಿದ್ದರು. ಅವುಗಳಲ್ಲಿ ಎಷ್ಟೋ ಸಲ ಚೆಂಡನ್ನು ಅತಿ ಹೊತ್ತು ಹಿಡಿದು, ಕಾಲೇಜಿನಲ್ಲಿ ಓಡಿ ತಪ್ಪಿಸಿಕೊಂಡಂತೆ ಇಲ್ಲೂ ತಪ್ಪಿಸಿಕೊಳ್ಳಬಹುದು ಎಂದು ಹಿಂದಕ್ಕೆ ಓಡಿ ಸಿಕ್ಕಿಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷ ನವೆಂಬರ್‌ನಲ್ಲಿ ಕೋಆರ್ಡಿನೇಟರ್ ಷೇನ್ ವಾಲ್ಡ್ರನ್ ಅವರನ್ನು, ಥ್ಯಾಂಕ್ಸ್‌ಗಿವಿಂಗ್ ಮರುದಿನ ಮುಖ್ಯ ಕೋಚ್ ಮ್ಯಾಟ್ ಎಬರ್‌ಫ್ಲಸ್ ಅವರನ್ನು ವಜಾ ಮಾಡಿದರು. 2025ಕ್ಕೆ ಬೆನ್ ಜಾನ್ಸನ್ ಬಂದರು, ಜೊತೆಗೆ ಜೋ ಥೂನಿ, ಜೋನಾ ಜಾಕ್ಸನ್, ಡ್ರೂ ಡಾಲ್ಮನ್ ಬಂದು ಲೈನಿನ ನಡುಭಾಗವೇ ಹೊಸದಾಯಿತು. ಆ ವರ್ಷ ಸ್ಯಾಕ್‌ಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಇದರಲ್ಲಿ ಲೈನಿಗೆ ಎಷ್ಟು ಪಾಲು, ಕೋಚ್‌ಗೆ ಎಷ್ಟು, ಹುಡುಗನಿಗೆ ಎಷ್ಟು ಎಂದು ಕತ್ತರಿಸಿ ಹೇಳಲು ನನ್ನಿಂದಾಗದು. ಮೂರೂ ಒಟ್ಟಿಗೆ ಸರಿಯಾದವು ಎಂಬುದೇ ನನಗೆ ಕಾಣುವ ಸತ್ಯ.

ಷಾರ್ಲೆಟ್ ಮೈಸೂರಿಗ

ನಮ್ಮ ಕೆರೊಲಿನಾದವರ ಸಂಕಟವನ್ನೂ ಇಲ್ಲಿ ದಾಖಲಿಸಬೇಕು. 2023ರಲ್ಲಿ ಬ್ರೈಸ್ ಯಂಗ್ ಅವರನ್ನು ಮೊದಲ ಸ್ಥಾನದಲ್ಲಿ ಪಡೆಯಲು ನಾವು ಶಿಕಾಗೊಗೆ ಕೊಟ್ಟದ್ದೇನು ಗೊತ್ತೇ? ಆ ವರ್ಷದ ಮೊದಲ ಮತ್ತು ಎರಡನೆಯ ಸುತ್ತಿನ ಆಯ್ಕೆಗಳು, 2024ರ ಮೊದಲ ಸುತ್ತು, 2025ರ ಎರಡನೆಯ ಸುತ್ತು, ಇವುಗಳ ಮೇಲೆ ನಮ್ಮ ಅತ್ಯುತ್ತಮ ರಿಸೀವರ್ ಡಿ. ಜೆ. ಮೂರ್. ಹುಡುಗನನ್ನು ಕರೆತರಲು ಅವನ ಎಸೆತ ಹಿಡಿಯಬೇಕಾದ ಕೈಯನ್ನೇ ಮಾರಿದೆವು. 2024ರ ಆ ಆಯ್ಕೆ ಕೊನೆಗೆ ಮೊದಲ ಸ್ಥಾನವೇ ಆಗಿ ಕೇಲೆಬ್ ವಿಲಿಯಮ್ಸ್ ಅವರನ್ನು ಶಿಕಾಗೊಗೆ ತಂದುಕೊಟ್ಟಿತು.

ಮೊದಲ ವರ್ಷ ಯಂಗ್ ಆಡಿದ 16 ಪಂದ್ಯಗಳಲ್ಲಿ ಗೆಲುವು ಎರಡು, ಸ್ಯಾಕ್ 62. ಫ್ರಾಂಕ್ ರೈಕ್ ಅವರನ್ನು 11 ಪಂದ್ಯಗಳಿಗೇ ಮನೆಗೆ ಕಳುಹಿಸಿದರು. 2024ರಲ್ಲಿ ಡೇವ್ ಕನಾಲಿಸ್ ಬಂದು ಎರಡೇ ಪಂದ್ಯಕ್ಕೆ ಯಂಗ್ ಅವರನ್ನು ಕೂರಿಸಿ ಆ್ಯಂಡಿ ಡಾಲ್ಟನ್ ಅವರನ್ನು ಇಳಿಸಿದರು. ಆ ದಿನ ಅವರ ವೃತ್ತಿಜೀವನ ಮುಗಿಯಿತು ಎಂದೇ ಊರು ಭಾವಿಸಿತು. ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ಡಾಲ್ಟನ್ ಅವರ ಹೆಬ್ಬೆರಳಿಗೆ ಪೆಟ್ಟಾಗಿ ಯಂಗ್ ಮತ್ತೆ ಅಂಗಳಕ್ಕೆ ಬಂದರು. ಬಂದವರು ಬೇರೆಯೇ ಆಟಗಾರ. ಕಾಲು ನೆಲದಲ್ಲಿ ನಿಂತಿತ್ತು, ಚೆಂಡನ್ನು ಭಯವಿಲ್ಲದೆ ನಡುವಿಗೆ ಎಸೆಯುತ್ತಿದ್ದರು. ಬದಿಯಲ್ಲಿ ನಿಂತು ನೋಡಿದ ಆ ಕೆಲವು ವಾರಗಳು ಅವರಿಗೆ ಒಳ್ಳೆಯದನ್ನೇ ಮಾಡಿದವು ಎಂದು ನಾನು ದೃಢವಾಗಿ ನಂಬುತ್ತೇನೆ. ಅಪಘಾತ ಆಗದಿದ್ದರೆ? ಒಬ್ಬ ಆಟಗಾರನ ಭವಿಷ್ಯ ಇಷ್ಟು ತೆಳುವಾದ ದಾರದ ಮೇಲೆ ನಿಂತಿರಬಾರದು.

ಬೆಂಚಿನ ಪರ

ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಕೂರಿಸಿ! ಗ್ರೀನ್ ಬೇ 2005ರಲ್ಲಿ ಆ್ಯರನ್ ರಾಜರ್ಸ್ ಅವರನ್ನು 24ನೆಯ ಸ್ಥಾನದಲ್ಲಿ ಆರಿಸಿ ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕೂರಿಸಿತು. 2020ರಲ್ಲಿ ಜೋರ್ಡನ್ ಲವ್ ಅವರನ್ನು 26ನೆಯ ಸ್ಥಾನದಲ್ಲಿ ಆರಿಸಿ ಅದೇ ರಾಜರ್ಸ್ ಹಿಂದೆ ಮೂರು ವರ್ಷ ಕೂರಿಸಿತು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಅಲೆಕ್ಸ್ ಸ್ಮಿತ್ ಹಿಂದೆ ಕುಳಿತು ಒಂದೇ ಪಂದ್ಯ ಆಡಿದರು, ಮರುವರ್ಷ 50 ಟಚ್‌ಡೌನ್ ಎಸೆದು ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಇನ್ನೆಷ್ಟು ಸಾಕ್ಷಿ ಬೇಕು?

ಹಳೆಯ ಪ್ಲೇಬುಕ್

ಕೂತ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ, ಬೆಂಚಿನ ಪರ ಅವರೇ. ವಾರದ ಅಭ್ಯಾಸದಲ್ಲಿ ಮೊದಲ ಸಾಲಿನ ಆಟಗಾರರ ಜೊತೆಗಿನ ಅವಕಾಶಗಳನ್ನು ಬಹುಪಾಲು ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೇ ಕೊಡುತ್ತಾರೆ. ಎರಡನೆಯವನು ಮಾಡುವುದೇನು? ಈ ವಾರದ ಎದುರಾಳಿ ತಂಡದ ಪ್ಲೇಗಳನ್ನು ಕಾರ್ಡ್ ನೋಡಿ ತನ್ನದೇ ಡಿಫೆನ್ಸ್ ಎದುರು ಆಡಿ ತೋರಿಸುತ್ತಾನೆ. ಅಂದರೆ ಅವನು ಅಭ್ಯಾಸ ಮಾಡುವುದು ಇನ್ನೊಬ್ಬರ ಪ್ಲೇಬುಕ್ಕನ್ನು. ಟ್ರೇ ಲ್ಯಾನ್ಸ್ 2021ರಲ್ಲಿ ಗರಾಪಲೊ ಹಿಂದೆ ಕುಳಿತರು. ಅದಕ್ಕೆ ಮೊದಲು 2020ರಲ್ಲಿ ಕೊರೊನಾದಿಂದಾಗಿ ಕಾಲೇಜಿನಲ್ಲಿ ಆಡಿದ್ದು ಒಂದೇ ಪಂದ್ಯ, ಒಟ್ಟು ಕಾಲೇಜು ಪಂದ್ಯಗಳಲ್ಲಿ ಮೊದಲಿಗರಾಗಿ ಇಳಿದದ್ದು 17 ಸಲ. 2022ರಲ್ಲಿ ಅವಕಾಶ ಸಿಕ್ಕಿತು, ಎರಡನೆಯ ವಾರದಲ್ಲೇ ಕಣಕಾಲು ಮುರಿಯಿತು. 20ರಿಂದ 23ರವರೆಗೆ, ಆಟಗಾರ ರೂಪುಗೊಳ್ಳುವ ವಯಸ್ಸಿನಲ್ಲಿ, ಅವರು ಹೆಚ್ಚುಕಡಿಮೆ ಆಡಲೇ ಇಲ್ಲ. ಅದೇ ತಂಡಕ್ಕೆ ಆ ವರ್ಷದ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆಯಾಗಿ ಬಂದ ಬ್ರಾಕ್ ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಪಳಗಿದ್ದರು. ಒಂದೇ ಕೋಚ್, ಒಂದೇ ಪ್ಲೇಬುಕ್, ಫಲ ಬೇರೆ.

ಆ್ಯಂಟನಿ ರಿಚರ್ಡ್‌ಸನ್ ಫ್ಲಾರಿಡಾದಲ್ಲಿ 13 ಪಂದ್ಯಗಳಿಗೆ ಇಳಿದು 2023ರಲ್ಲಿ ನಾಲ್ಕನೆಯ ಆಯ್ಕೆಯಾದರು. 2024ರಲ್ಲಿ ಅವರ ಎಸೆತಗಳಲ್ಲಿ ಗುರಿ ಮುಟ್ಟಿದ್ದು 47.7 ಶೇಕಡಾ. ಅದೇ ವರ್ಷ ಲೀಗ್‌ಗೆ ಬಂದ ಬೋ ನಿಕ್ಸ್ ಕಾಲೇಜಿನಲ್ಲಿ 61 ಪಂದ್ಯಗಳಿಗೆ ಇಳಿದಿದ್ದವರು, ಜೇಡನ್ ಡೇನಿಯಲ್ಸ್ 55. ಡೆನ್ವರ್‌ನಲ್ಲಿ ಒಬ್ಬರು, ವಾಷಿಂಗ್ಟನ್‌ನಲ್ಲಿ ಒಬ್ಬರು, ಇಬ್ಬರೂ ಮೊದಲ ವರ್ಷವೇ ತಂಡವನ್ನು ಪ್ಲೇ-ಆಫ್‌ಗೆ ಮುಟ್ಟಿಸಿದರು. ಡೇನಿಯಲ್ಸ್ ವರ್ಚುವಲ್ ರಿಯಾಲಿಟಿ ಕನ್ನಡಕ ತೊಟ್ಟು ಎದುರಾಳಿ ಡಿಫೆನ್ಸ್‌ನ ಚಿತ್ರಗಳನ್ನು ಮತ್ತೆ ಮತ್ತೆ ಓದುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ವಿಚಾರ. ಅಭ್ಯಾಸದ ಅಂಗಳದಲ್ಲಿ ಸಿಗದ ಪುನರಾವರ್ತನೆಯನ್ನು ಅವರು ಅಲ್ಲಿ ಹುಡುಕಿಕೊಂಡರು.

ಹಾಗೆಂದು ಇದನ್ನು ಕಬ್ಬಿಣದ ನಿಯಮ ಮಾಡಬೇಡಿ. ಕ್ಯಾಮ್ ನ್ಯೂಟನ್ ಆಬರ್ನ್‌ನಲ್ಲಿ ಒಂದೇ ಋತು ಆಡಿ ಬಂದು 2015ರಲ್ಲಿ ಅತ್ಯಮೂಲ್ಯ ಆಟಗಾರರಾದರು.

ಬಫಲೋ ಹಿಮ

ನೀವೆಲ್ಲ ಲೀಗ್, ಕೋಚ್, ಲೈನ್ ಎಂದು ಬರೆಯುತ್ತಿದ್ದೀರಿ. ಆಟಗಾರನ ಸ್ವಂತ ದುಡಿಮೆಯ ಬಗ್ಗೆ ಇಷ್ಟು ಹೊತ್ತಾದರೂ ಒಬ್ಬರೂ ಬರೆಯಲಿಲ್ಲ, ಅದು ನನಗೆ ಸರಿ ಕಾಣಲಿಲ್ಲ.

ಜಾಷ್ ಅಲೆನ್. 2018ರ ಏಳನೆಯ ಆಯ್ಕೆ. ಮೊದಲ ವರ್ಷ ಗುರಿ ಮುಟ್ಟಿದ ಎಸೆತ 52.8 ಶೇಕಡಾ, ಎರಡನೆಯ ವರ್ಷ 58.8, ಮೂರನೆಯ ವರ್ಷ 69.2. ಎಸೆತದ ನಿಖರತೆ ಹುಟ್ಟಿನಿಂದ ಬರಬೇಕು, ಕಲಿಸಲಾಗದು ಎಂದು ಪಂಡಿತರು ವಾದಿಸುತ್ತಿದ್ದ ಕಾಲ ಅದು. ಅಲೆನ್ ಋತುವಿಲ್ಲದ ತಿಂಗಳುಗಳಲ್ಲಿ ಜೋರ್ಡನ್ ಪಾಮರ್ ಅವರ ಬಳಿ ಹೋಗಿ ಕಾಲಿನ ಹೆಜ್ಜೆಯಿಂದ ಸೊಂಟದ ತಿರುವಿನವರೆಗೆ ಎಲ್ಲವನ್ನೂ ತಿದ್ದಿಕೊಂಡರು. ಮುಂದಿನ ಕಾಲು ಅತಿ ಉದ್ದಕ್ಕೆ ಚಾಚಿದರೆ ಸೊಂಟ ಬೀಗಿಕೊಳ್ಳುತ್ತದೆ, ಇಡೀ ಭಾರ ತೋಳಿನ ಮೇಲೆ ಬಿದ್ದು ಚೆಂಡು ಮೇಲಕ್ಕೆ ಹಾರುತ್ತದೆ. ಅವರ ಹಳೆಯ ಪಂದ್ಯಗಳನ್ನು ನಿಧಾನಗತಿಯಲ್ಲಿ ನೋಡಿ, ಅದು ಕಣ್ಣಿಗೆ ಕಟ್ಟುತ್ತದೆ. 2024ರಲ್ಲಿ ಅವರು ಲೀಗ್‌ನ ಅತ್ಯಮೂಲ್ಯ ಆಟಗಾರ. ಆ ಬೆವರಿಗೆ ನೀವು ಲೆಕ್ಕ ಕೊಡಬೇಕು.

ತುಂಗಾತೀರ

ಬಫಲೋದವರೇ, ಆ ಬೆವರಿಗೆ ನನ್ನ ನಮಸ್ಕಾರ. ಆದರೆ ಆ ಬೆವರು ಫಲ ಕೊಟ್ಟ ನೆಲವನ್ನೂ ನೋಡಿ. ಬ್ರಯನ್ ಡೇಬಾಲ್ 2018ರಿಂದ 2021ರವರೆಗೆ ನಾಲ್ಕು ಋತು ಅವರಿಗೆ ಕೋಆರ್ಡಿನೇಟರ್ ಆಗಿದ್ದರು. ಮುಖ್ಯ ಕೋಚ್ ಷಾನ್ ಮೆಕ್‌ಡರ್ಮಟ್ ಬದಲಾಗಲಿಲ್ಲ. 2020ರಲ್ಲಿ ಸ್ಟೆಫಾನ್ ಡಿಗ್ಸ್ ಅವರನ್ನು ತಂದುಕೊಟ್ಟರು. 52.8ರ ಹುಡುಗನನ್ನು ಒಂದೇ ವರ್ಷಕ್ಕೆ ಹೊರಗೆ ಹಾಕುವ ತಂಡಗಳೂ ಇದ್ದವು. ಅದೇ ಡ್ರಾಫ್ಟ್‌ನ ಹತ್ತನೆಯ ಆಯ್ಕೆ ಜಾಷ್ ರೋಸನ್ ಅವರಿಗೆ ಅರಿಝೋನಾದಲ್ಲಿ ಆದದ್ದು ಅದೇ ತಾನೇ? ಒಂದು ಋತು ಮುಗಿದ ಕೂಡಲೇ ಹೊಸ ಕೋಚ್, ಕೈಲರ್ ಮರ್ರಿ ಮೊದಲ ಆಯ್ಕೆ, ರೋಸನ್ ಮಯಾಮಿಗೆ. ಆ ಹುಡುಗ ಸ್ವಂತವಾಗಿ ದುಡಿಯಲಿಲ್ಲ ಎಂದು ಹೇಳಲು ನಮಗೆ ಯಾವ ಆಧಾರವಿದೆ?

ಎಲ್ಲಕ್ಕಿಂತ ನನ್ನನ್ನು ಕಾಡುವುದು ಅಲೆಕ್ಸ್ ಸ್ಮಿತ್ ಅವರ ಕಥೆ. 2005ರ ಮೊದಲ ಆಯ್ಕೆ. ಮೊದಲ ವರ್ಷ ಒಂದು ಟಚ್‌ಡೌನ್, 11 ಇಂಟರ್‌ಸೆಪ್ಷನ್. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರಿಗೆ ಸಿಕ್ಕ ಕೋಆರ್ಡಿನೇಟರ್‌ಗಳನ್ನು ವರ್ಷಾನುಕ್ರಮದಲ್ಲಿ ಓದಿ: 2005ರಲ್ಲಿ ಮೈಕ್ ಮೆಕಾರ್ಥಿ, 2006ರಲ್ಲಿ ನಾರ್ವ್ ಟರ್ನರ್, 2007ರಲ್ಲಿ ಜಿಮ್ ಹಾಸ್ಲರ್, 2008ರಲ್ಲಿ ಮೈಕ್ ಮಾರ್ಟ್ಸ್, 2009ರಲ್ಲಿ ಜಿಮ್ಮಿ ರೇ. ಐದು ವರ್ಷ, ಐದು ಜನ. ಹಳೆಯ ಪ್ಲೇಬುಕ್ ಅವರು ಬಿಡಿಸಿ ಹೇಳಿದ ಆ ಉದ್ದನೆಯ ಸಾಲನ್ನು ಪ್ರತಿ ವರ್ಷ ಹೊಸ ಪರಿಭಾಷೆಯಲ್ಲಿ ಬಾಯಿಪಾಠ ಮಾಡುವುದನ್ನು ಊಹಿಸಿಕೊಳ್ಳಿ. 2011ರಲ್ಲಿ ಜಿಮ್ ಹಾರ್ಬಾ ಬಂದರು, ತಂಡ 13–3ಕ್ಕೆ (13 ಗೆಲುವು, 3 ಸೋಲು) ಏರಿತು, ಸ್ಮಿತ್ ಸಮರ್ಥ ಕ್ವಾರ್ಟರ್‌ಬ್ಯಾಕ್ ಎಂದು ಜಗತ್ತು ಒಪ್ಪಿತು. ಮುಂದೆ ಕ್ಯಾನ್ಸಸ್ ಸಿಟಿಯಲ್ಲಿ ಮಹೋಮ್ಸ್ ಯಾರ ಹಿಂದೆ ಕುಳಿತು ಕಲಿತರೋ ಆ ಸ್ಮಿತ್ ಇವರೇ. ತನಗೆ ಸಿಗದ ನೆಮ್ಮದಿಯ ವರ್ಷವನ್ನು ತನ್ನ ಸ್ಥಾನ ಕಸಿಯಲಿರುವ ಹುಡುಗನಿಗೆ ಮನಃಪೂರ್ವಕವಾಗಿ ಕೊಟ್ಟ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ.

ಜೇರೆಡ್ ಗಾಫ್ ಅವರನ್ನೂ ಸೇರಿಸಿಕೊಳ್ಳಿ. 2016ರ ಮೊದಲ ಆಯ್ಕೆ, ಆ ವರ್ಷ ಆಡಿದ ಏಳೂ ಪಂದ್ಯಗಳಲ್ಲಿ ಸೋಲು. ಮರುವರ್ಷ ಷಾನ್ ಮೆಕ್‌ವೇ ಬಂದು ಪ್ಲೇಯನ್ನು ಬೇಗ ಕಳುಹಿಸಿ, ರೇಡಿಯೊ ಕಡಿಯುವವರೆಗೂ ಅವರ ಕಿವಿಯಲ್ಲಿ ಡಿಫೆನ್ಸ್ ಬಗ್ಗೆ ಹೇಳುತ್ತಿದ್ದರು. 15 ಪಂದ್ಯಗಳಲ್ಲಿ 11 ಗೆಲುವು. ಅದರ ಮರುವರ್ಷ ಸೂಪರ್ ಬೌಲ್‌ಗೆ ಪ್ರವೇಶ.

ಬಫಲೋ ಹಿಮ

ರೋಸನ್ ವಿಚಾರದಲ್ಲಿ ನಿಮ್ಮ ಮಾತಿಗೆ ತೂಕವಿದೆ. ಆದರೂ ಅಲೆನ್ ಅವರಿಗಿದ್ದ ಅದೇ ನಾಲ್ಕು ವರ್ಷ, ಅದೇ ಕೋಚ್, ಅದೇ ರಿಸೀವರ್ ಕೊಟ್ಟರೆ ಎಲ್ಲರೂ ಅಲೆನ್ ಆಗುತ್ತಿದ್ದರು ಎಂಬುದನ್ನು ನಾನು ಒಪ್ಪಲಾರೆ. ಅಷ್ಟನ್ನು ದಾಖಲಿಸಿ ನಿಲ್ಲುತ್ತೇನೆ.

ಅಂಕಿಪ್ರಿಯ

ಹಳೆಯ ಕಾಲದಲ್ಲೂ ಮೊದಲ ವರ್ಷ ಕಷ್ಟವೇ ಆಗಿತ್ತು ಎಂಬುದನ್ನು ಮರೆಯಬಾರದು. ಟ್ರಾಯ್ ಏಕ್‌ಮನ್ 1989ರಲ್ಲಿ ಮೊದಲಿಗರಾಗಿ ಇಳಿದ 11 ಪಂದ್ಯಗಳನ್ನೂ ಸೋತರು. ಪೇಟನ್ ಮ್ಯಾನಿಂಗ್ 1998ರಲ್ಲಿ 28 ಇಂಟರ್‌ಸೆಪ್ಷನ್ ಕೊಟ್ಟರು, ತಂಡ 3–13. ಮರುವರ್ಷ 13–3. ಅವರ ತಂಡಗಳು ಆಗ ಕೈಬಿಡಲಿಲ್ಲ, ಕೋಆರ್ಡಿನೇಟರ್ ಟಾಮ್ ಮೂರ್ ಮ್ಯಾನಿಂಗ್ ಅವರ ಜೊತೆ ಹತ್ತು ವರ್ಷಕ್ಕೂ ಮಿಗಿಲಾಗಿ ಉಳಿದರು. ಇಂದು ಯಾರಾದರೂ ಮೊದಲ ವರ್ಷ 28 ಇಂಟರ್‌ಸೆಪ್ಷನ್ ಕೊಟ್ಟು ನೋಡಲಿ. ಅರ್ಧ ಋತುವಿನಲ್ಲೇ ಬೆಂಚು, ಡಿಸೆಂಬರ್‌ಗೆ ಕೋಚ್ ವಜಾ.

ಹೊಸ ಪ್ರೇಕ್ಷಕಿ

ಓದುತ್ತಾ ಓದುತ್ತಾ ನನ್ನ ಮಗಳೂ ಪಕ್ಕದಲ್ಲಿ ಕುಳಿತಳು. ಅವಳದೊಂದು ಪ್ರಶ್ನೆ: ಮುಂದಿನ ಭಾನುವಾರ ಹೊಸ ಕ್ವಾರ್ಟರ್‌ಬ್ಯಾಕ್ ಒಬ್ಬನ ಆಟ ನೋಡುವಾಗ ಅವನು ಕಲಿಯುತ್ತಿದ್ದಾನೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯುವುದು? ಸ್ಕೋರ್ ನೋಡಬೇಡ ಎಂದು ಹೇಳಿದ್ದೇನೆ, ಏನನ್ನು ನೋಡಬೇಕು ಎಂದು ನನಗೂ ಗೊತ್ತಿಲ್ಲ.

ಹಳೆಯ ಪ್ಲೇಬುಕ್

ಮಗುವಿಗೆ ಹೀಗೆ ಹೇಳಿ. ಚೆಂಡು ಕೈಬಿಟ್ಟ ಮೇಲೆ ಎಲ್ಲರ ಕಣ್ಣೂ ಚೆಂಡಿನ ಹಿಂದೆ ಓಡುತ್ತದೆ. ಅದಕ್ಕೆ ಮೊದಲೇ ಅವನ ಕಾಲು ನೋಡು ಪುಟ್ಟ. ಹಿಂದಕ್ಕೆ ಹೆಜ್ಜೆ ಹಾಕಿ ನಿಂತ ಮೇಲೆ ಕಾಲು ಶಾಂತವಾಗಿದೆಯೇ, ಇಲ್ಲ ಬಿಸಿ ನೆಲದ ಮೇಲೆ ನಿಂತಂತೆ ಕುಣಿಯುತ್ತಿದೆಯೇ? ಯಾರೂ ಹತ್ತಿರ ಬರದಿದ್ದರೂ ಜಾಗ ಬಿಟ್ಟು ಓಡುತ್ತಿದ್ದಾನೆಯೇ? ನಂತರ ಹೆಲ್ಮೆಟ್ ನೋಡು. ಅದು ಒಬ್ಬನ ಕಡೆಗೇ ನೆಟ್ಟಿದ್ದರೆ ಅವನು ಇನ್ನೂ ಒಂದನೆಯ ರಿಸೀವರ್‌ನಲ್ಲೇ ಇದ್ದಾನೆ. ಎಡದಿಂದ ನಡುವಿಗೆ, ನಡುವಿನಿಂದ ಬಲಕ್ಕೆ ತಿರುಗಿ ಆಮೇಲೆ ಎಸೆದರೆ, ಆ ಎಸೆತ ನೆಲಕ್ಕೆ ಬಿದ್ದರೂ ಒಳ್ಳೆಯ ಲಕ್ಷಣ. ಮೂರನೆಯದಾಗಿ, ಮೊದಲಾರ್ಧದಲ್ಲಿ ಅವನನ್ನು ಮೋಸಗೊಳಿಸಿದ ಅದೇ ದಾಳಿ ದ್ವಿತೀಯಾರ್ಧದಲ್ಲಿ ಮತ್ತೆ ಬಂದಾಗ ಏನು ಮಾಡುತ್ತಾನೆ ಎಂದು ನೋಡು. ಸ್ನ್ಯಾಪ್‌ಗೆ ಮೊದಲು ಲೈನಿನವರ ಕಡೆ ತಿರುಗಿ ಏನನ್ನೋ ಕೂಗಿ, ಬೆರಳು ತೋರಿಸಿ, ಚೆಂಡನ್ನು ಬೇಗ ಬಿಟ್ಟರೆ ಅವನು ಕಲಿಯುತ್ತಿದ್ದಾನೆ.

ಪಂದ್ಯ ನೋಡಿದ ಮೇಲೆ ಮಗಳಿಗೆ ಕಂಡದ್ದನ್ನು ಇಲ್ಲಿ ಬರೆಯಿರಿ ಮೇಡಂ. ಯಾವ ತಂಡದ ಪಂದ್ಯ ನೋಡುತ್ತೀರಿ ಎಂದು ಮೊದಲೇ ತಿಳಿಸಿದರೆ ನಾನೂ ಅದನ್ನೇ ನೋಡುತ್ತೇನೆ.